ಬಾಗಿಲು ತೆರೆಯುವ ಪದ



ದೀಪಾವಳಿಯ ಇರುಳು ಸೊರಬದ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯವರು ಜ್ಯೋತಿ ಹಿಡಿದು ಮನೆಮನೆಗೆ ಬರುವುದುಂಟು. ಮುಚ್ಚಿದ ಬಾಗಿಲ ಮುಂದೆ ನಿಂತು, ಮುಂದಿನವರು ಎತ್ತಿಕೊಟ್ಟುದಕ್ಕೆ ಹಿಂದಿನವರು ಸೊಲ್ಲುಗೂಡಿಸಿ ಬಾಗಿಲು ತೆರೆಯುವ ಪದ ಹಾಡುತ್ತಾರೆ. ಮನೆಯವರು ಬಾಗಿಲು ತೆರೆದು ಆ ಜ್ಯೋತಿಗೆ ಎಣ್ಣೆ ಎರೆಯುತ್ತಾರೆ.

ನಮ್ಮ ಸೋದರಮಾವ ಪದ ಎತ್ತಿಕೊಡುವವರು. 1980ರ ದಶಕದ ಹುಡುಗನಾದ ನನಗೋ ಭದ್ರಾವತಿ ಆಕಾಶವಾಣಿಯ ಗೀಳು. ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ತಂದ ‘ಕಾಡು ಕುದುರೆ’ಯ ಹಾಡು ಬಂದರೆ ಊಟವೂ ಬೇಡ. “ಈ ಪದ ಕಲಿಯೋ ತಮ್ಮಾ” ಎಂದು ಮಾವ ಕರೆದರೆ, “ನಾಳೆ ಮಾವ” ಎನ್ನುತ್ತಿದ್ದೆ. ಚಂದ್ರಶೇಖರ ಕಂಬಾರರು ಬರೆದ ಆ ಚಿತ್ರಗೀತೆಯ ಬೇರೂ ಜನಪದದಲ್ಲೇ ಇದೆಯೆಂದು ತಿಳಿದುದು ಪಂಡಿತ ತರಬೇತಿಯ ಕಾಲದಲ್ಲಿ.

ಈಗ ಶಿಕಾರಿಪುರದಲ್ಲಿ ಮಕ್ಕಳಿಗೆ ಜನಪದ ಸಾಹಿತ್ಯದ ಪಾಠ ಹೇಳುತ್ತೇನೆ. “ಹಾಡಿ ತೋರಿಸಿ ಸಾರ್” ಎಂದರೆ ನಾಲ್ಕು ಸಾಲಿಗೇ ನಿಲ್ಲುತ್ತೇನೆ. ಸುಬ್ಬಣ್ಣನವರು 2022ರಲ್ಲಿ ತೀರಿಕೊಂಡರೂ ಅವರ ಕಂಠ ಬೇಕೆಂದಾಗ ಕೇಳಸಿಗುತ್ತದೆ. ಮಾವನ ಪದ ಮಾವನೊಡನೆಯೇ ಹೋಯಿತು.

ನಿಮ್ಮ ಮನೆಯಲ್ಲಿ ಹಾಡಬಲ್ಲ ಹಿರಿಯರಿದ್ದಾರೆಯೆ? ಈ ಭಾಷಣ ಮುಗಿದೊಡನೆ ರೇಡಿಯೋವನ್ನು ತುಸು ಹೊತ್ತು ನಿಲ್ಲಿಸಿ, ಅವರ ಬಳಿ ಹೋಗಿ ಕುಳಿತುಕೊಳ್ಳಿ.