ಬೀದರದ ಸೆರೆಮನೆಯ ಬಾಗಿಲು ತೆಗೆದವರು

(ಭಾಲ್ಕಿಯಲ್ಲಿ ಉಪಾಧ್ಯಾಯರ ಕೂಟದ ಮುಂದೆ ವಕೀಲರೊಬ್ಬರು ಮಾಡಿದ ಭಾಷಣ)



ಬೀದರ ಪಟ್ಟಣದಿಂದ ಅಷ್ಟೂರಿಗೆ ಹೋಗುವ ದಾರಿಯನ್ನು ತಮ್ಮಲ್ಲಿ ಅನೇಕರು ತುಳಿದಿರಬಹುದು. ಆ ದಾರಿಯಲ್ಲಿ ಮೊದಲು ದಿಬ್ಬದ ಮೇಲೆ ಎಂಟು ಮೂಲೆಯ ಚೌಖಂಡಿ ಸಿಗುವದು. ಅದು ಶಹಾ ಖಲೀಲುಲ್ಲಾ ಎಂಬ ಸಂತರ ಸಮಾಧಿ. ಅದನ್ನು ದಾಟಿ ಮುಂದೆ ಹೋದರೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು ಕಾಣುವದು. ಆ ಸಾಲಿನಲ್ಲಿ ಒಂದು ಗುಮ್ಮಟ ಮಾತ್ರ ಅರ್ಧ ಸೀಳಿ ಬಾಯಿ ತೆರೆದುಕೊಂಡು ನಿಂತಿದೆ. ಅದು ‘ಜಾಲಿಮ’ ಎಂದು, ಅಂದರೆ ಕ್ರೂರಿಯೆಂದು ಹೆಸರು ಪಡೆದ ಹುಮಾಯೂನ ಶಹನ ಗೋರಿ. ೧೮೮೨ರಲ್ಲಿ ಸಿಡಿಲು ಬಡಿದು ಅದು ಹೀಗಾಯಿತು. ದೇವರೇ ಅವನಿಗೆ ಶಿಕ್ಷೆ ಕೊಟ್ಟನೆಂದು ಭಾವಿಕರು ಹೇಳುವರು. ಆದರೆ ಸತ್ತು ನಾನೂರಾ ಇಪ್ಪತ್ತು ವರುಷಗಳಾದ ಮೇಲೆ ಬಂದ ತೀರ್ಪನ್ನು ನ್ಯಾಯವೆನ್ನಲು ವಕೀಲನ ಮನಸ್ಸು ಒಪ್ಪುವದಿಲ್ಲ. ಸಿಡಿಲಿನ ದಾರಿ ಕಾಯದೆ, ಆ ಸುಲ್ತಾನನು ಬದುಕಿರುವಾಗಲೇ ಅವನ ಸೆರೆಮನೆಯ ಬಾಗಿಲನ್ನು ತೆಗೆದವನೊಬ್ಬನಿದ್ದನು. ಅವನು ಸುಲ್ತಾನನ ಸ್ವಂತ ಗುಲಾಮನು. ಅವನ ಹೆಸರಿನ ಗುಮ್ಮಟವು ಆ ಸಾಲಿನಲ್ಲಿಲ್ಲ. ಇಂದು ಅವನ ಸಂಗತಿಯನ್ನೂ, ಅವನಿಗಿಂತಲೂ ಕೆಳಗಿನ ಇನ್ನೊಬ್ಬ ಬಡವನ ಸಂಗತಿಯನ್ನೂ ತಮ್ಮ ಮುಂದೆ ಇಡುವದಕ್ಕಾಗಿ ನಾನು ನಿಂತಿದ್ದೇನೆ.

ಹುಮಾಯೂನನು ಪಟ್ಟಕ್ಕೆ ಬಂದದ್ದು ೧೪೫೮ರಲ್ಲಿ. ತಂದೆ ಎರಡನೆಯ ಅಲ್ಲಾವುದ್ದೀನನು ತೀರಿಕೊಂಡ ಗಳಿಗೆಯಲ್ಲಿ ಕೆಲವು ಸರದಾರರು ಇವನನ್ನು ಬಿಟ್ಟು ಇವನ ತಮ್ಮ ಹಸನಖಾನನನ್ನು ಸಿಂಹಾಸನದ ಮೇಲೆ ಕೂಡ್ರಿಸಿದರು. ಹುಮಾಯೂನನು ಬೆರಳೆಣಿಕೆಯ ಸವಾರರೊಡನೆ ಅರಮನೆಗೆ ನುಗ್ಗಿ ತಮ್ಮನನ್ನು ಇಳಿಸಿ ಸೆರೆಗೆ ಹಾಕಿದನು. ಹಸನಖಾನನ ಪಕ್ಷ ವಹಿಸಿದವರಲ್ಲಿ ಖಲೀಲುಲ್ಲಾ ಸಂತರ ಮಗನೂ, ಅರಮನೆಯ ಅಳಿಯನೂ ಆದ ಶಹಾ ಹಬೀಬುಲ್ಲಾ ಒಬ್ಬನು. ಅವನೂ ಸೆರೆಮನೆ ಸೇರಿದನು. ಮುಂದೆ ನಲ್ಲಗೊಂಡದ ಕಡೆಗೆ ಎದ್ದ ಬಂಡಾಯವು ಮುರಿದು ಬಿದ್ದಾಗ ಮುದುಕ ಜಲಾಲಖಾನನೂ ಅದೇ ಗೋಡೆಗಳೊಳಗೆ ಬಂದನು. ಬೀದರದ ಕೋಟೆಯೆಂದರೆ ತಮಗೆ ಗೊತ್ತೇ ಇದೆ: ಕೆಂಪು ಬಂಡೆಯನ್ನು ಕಡಿದು ಮಾಡಿದ ಮೂರು ಸುತ್ತಿನ ಕಂದಕ, ಒಂದರ ಹಿಂದೊಂದು ಬಾಗಿಲು, ಪ್ರತಿಯೊಂದು ಬಾಗಿಲಿಗೂ ಕಾವಲು. ಅಂಥಲ್ಲಿ ಹೊರಗಿನವನು ಬಂದು ಏನು ಮಾಡಿಯಾನು?

೧೪೫೯ರಲ್ಲಿ ಸುಲ್ತಾನನು ದಂಡು ತೆಗೆದುಕೊಂಡು ತೆಲಂಗಾಣಕ್ಕೆ ಹೋದನು. ದೇವರಕೊಂಡದ ಮುಂದೆ ಅವನ ಸರದಾರರು ಸೋತರು. ಅವನು ಓರಂಗಲ್ಲಿನ ಕಡೆಗೆ ತೊಡಕಿಕೊಂಡಿರುವಾಗ ಇತ್ತ ಹಬೀಬುಲ್ಲಾನ ಏಳು ಮಂದಿ ಶಿಷ್ಯರು ಕೂಡಿ ಯೋಚಿಸಿ, ಯೂಸುಫ ತುರ್ಕನ ಬಳಿಗೆ ಬಂದರು. ಯೂಸುಫನು ಸುಲ್ತಾನನ ಗುಲಾಮನು. ದಾನಧರ್ಮಕ್ಕೂ ಪ್ರಾಮಾಣಿಕತೆಗೂ ಹೆಸರಾದವನು. ಸುಲ್ತಾನನ ಅನ್ನ ಉಣ್ಣುವವನ ಬಳಿಗೆ ಹೋಗಿ, ಸುಲ್ತಾನನ ಬಂದೀವಾನರನ್ನು ಬಿಡಿಸಿಕೊಡೆಂದು ಕೇಳುವದೆಂದರೆ ಆ ಏಳು ಜನರು ತಮ್ಮ ಕೊರಳನ್ನು ಅವನ ಕೈಯಲ್ಲಿ ಕೊಟ್ಟಂತೆಯೇ. ಅವನು ಒಂದು ಮಾತನ್ನು ಕೊತವಾಲನ ಕಿವಿಗೆ ಹಾಕಿದ್ದರೆ ಇನಾಮು ಸಿಗುತ್ತಿದ್ದಿತು. ಆ ರಾತ್ರಿ ಅವನಿಗೆ ನಿದ್ದೆ ಹತ್ತಿತೋ ಇಲ್ಲವೋ ಇತಿಹಾಸಕಾರನು ಬರೆದಿಲ್ಲ. ಹೆಂಡಿರು ಮಕ್ಕಳುಳ್ಳ ತಾವು ಅದನ್ನು ಊಹಿಸಿಕೊಳ್ಳಬಲ್ಲಿರಿ.

ಇತಿಹಾಸಕಾರ ಫಿರಿಸ್ತಾನು ಹೇಳುವಂತೆ ಯೂಸುಫನು ಹನ್ನೆರಡು ಕುದುರೆ ಸವಾರರನ್ನೂ ಐವತ್ತು ಕಾಲಾಳುಗಳನ್ನೂ ಕೂಡಿಸಿ ಹೊತ್ತು ಮುಳುಗುವ ವೇಳೆಗೆ ಬಾಗಿಲಿಗೆ ಬಂದನು. ಕಾವಲುಗಾರರಲ್ಲಿ ಬಹುಜನರು ತಂತಮ್ಮ ಕೆಲಸಕ್ಕೆ ಹೋಗಿದ್ದರು. ಉಳಿದವರು ತಡೆದಾಗ ಅವನು, ಇಂಥಿಂಥ ಬಂದೀವಾನರ ಕಣ್ಣು ಕೀಳಿಸಬೇಕೆಂದು ಸುಲ್ತಾನರ ಅಪ್ಪಣೆಯಾಗಿದೆಯೆಂದು ಒಂದು ಹುಕುಮನ್ನು ತೋರಿಸಿದನು. ಆ ಹುಕುಮು ಖೊಟ್ಟಿಯದು. ಅದರ ಜಾಣತನವನ್ನು ನೋಡಿರಿ. ಬಿಡುಗಡೆಯ ಹುಕುಮನ್ನು ತೋರಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಂಥ ಹುಕುಮು ಆ ಅರಸನಿಂದ ಬರುವದೇ ಅಶಕ್ಯವಾಗಿದ್ದಿತು. ಕಣ್ಣು ಕೀಳುವ ಹುಕುಮೆಂದರೆ ಮಾತ್ರ ಎಲ್ಲರೂ ಕೂಡಲೇ ನಂಬಿದರು. ಅರಸನ ಕ್ರೌರ್ಯವೇ ಅವನ ಬಾಗಿಲಿನ ಬೀಗದಕೈಯಾಯಿತು! ಎರಡನೆಯ ಬಾಗಿಲಲ್ಲಿ ಈ ಉಪಾಯ ನಡೆಯಲಿಲ್ಲ. ಕೊತವಾಲನ ಅಪ್ಪಣೆ ಬೇಕೆಂದು ಕಾವಲಿನವರು ಹಟ ಹಿಡಿದರು. ಅಲ್ಲಿ ಯೂಸುಫನು ಕತ್ತಿ ಹಿರಿಯಬೇಕಾಯಿತು. ಒಳಗೆ ಹೋಗಿ ಮೊದಲು ಹಬೀಬುಲ್ಲಾನ ಬೇಡಿಗಳನ್ನು ಕಳಚಿಸಿದನು. ಅನಂತರ ಹಸನಖಾನನವು, ಅನಂತರ ಇನ್ನುಳಿದವರವು. ಬಿಡುಗಡೆಯಾದವರು ಏಳು ಸಾವಿರ ಜನರೆಂದು ಫಿರಿಸ್ತಾನ ಲೆಕ್ಕ.

ಅಷ್ಟರಲ್ಲಿ ಕೊತವಾಲನು ಎಚ್ಚತ್ತು ಜನರನ್ನು ಕೂಡಿಸಿಕೊಂಡು ಬಂದನು. ಬಂದೀವಾನರು ಕೈಗೆ ಸಿಕ್ಕ ಕಲ್ಲು ಕೋಲುಗಳಿಂದಲೇ ಹೊಡೆದಾಡಿ ಚದುರಿದರು. ಎಂಬತ್ತು ವರುಷದ ಜಲಾಲಖಾನನು ಸಿಕ್ಕಿ ಸತ್ತನು. ಹಸನಖಾನ ಮತ್ತು ಹಬೀಬುಲ್ಲಾ ಇಬ್ಬರೂ ಕತ್ತಲೆಯಲ್ಲಿ ಓಡಿ ಒಂದು ಮನೆಯ ಕದವನ್ನು ತಟ್ಟಿದರು.

ಮಹನೀಯರೇ, ನನ್ನ ಭಾಷಣದ ತಿರುಳು ಆ ಕದದ ಹಿಂದೆ ಇದೆ. ಅದು ಒಬ್ಬ ಹಜಾಮನ ಮನೆ. ಒಂದು ಕಾಲಕ್ಕೆ ಅವನು ಹಬೀಬುಲ್ಲಾನ ಊಳಿಗದಲ್ಲಿದ್ದವನು. ಹೊರಗೆ ಕೊತವಾಲನ ಜನರು ಓಣಿ ಓಣಿ ಹುಡುಕುತ್ತಿರುವರು. ಒಳಗೆ ಸಿಂಹಾಸನ ಬಯಸಿದ ರಾಜಪುತ್ರನೊಬ್ಬ, ಸಂತರ ಮಗನೊಬ್ಬ. ಈ ಹಜಾಮನಿಗೆ ಹನ್ನೆರಡು ಸವಾರರಿಲ್ಲ, ಹುಕುಮಿಲ್ಲ, ಕತ್ತಿಯಿಲ್ಲ. ಇದ್ದದ್ದು ಒಂದು ಕ್ಷೌರದ ಕತ್ತಿ. ಅದರಿಂದಲೇ ಅವನು ಇಬ್ಬರ ಗಡ್ಡವನ್ನೂ ಬೋಳಿಸಿ ಗುರುತನ್ನು ಅಳಿಸಿದನು. ಅವರು ಫಕೀರರ ವೇಷ ಹಾಕಿಕೊಂಡು ಊರು ಬಿಟ್ಟು ಬೀಡದ ಕಡೆಗೆ ಪಾರಾದರು. ಆ ಹೊತ್ತಿನಲ್ಲಿ ಅವನ ಕೈ ನಡುಗಿರಲಿಕ್ಕಿಲ್ಲವೇ? ನಡುಗಿದ್ದೇ ಸಹಜ. ಆದರೆ ನಡುಗುವ ಕೈಯೇ ಆ ಕೆಲಸವನ್ನು ಮುಗಿಸಿತು. ಇತಿಹಾಸದಲ್ಲಿ ಸುಲ್ತಾನನ ಹೆಸರು ಉಳಿಯಿತು, ಯೂಸುಫನ ಹೆಸರು ಉಳಿಯಿತು. ಈ ಮನುಷ್ಯನ ವೃತ್ತಿ ಮಾತ್ರ ಉಳಿಯಿತು.

ಮುಂದಿನದನ್ನು ಬೇಗನೆ ಹೇಳಿಬಿಡುವೆನು, ಏಕೆಂದರೆ ಅದು ಹೇಳಲು ಸುಖಕರವಾದದ್ದಲ್ಲ. ೧೪೬೦ರ ಆರಂಭದಲ್ಲಿ ಸುಲ್ತಾನನು ಮಹಮೂದ ಗವಾನನನ್ನು ತೆಲಂಗಾಣದಲ್ಲಿ ಬಿಟ್ಟು ಹಗಲಿರುಳೆನ್ನದೆ ಬೀದರಕ್ಕೆ ಮರಳಿದನು. ಕಾವಲು ಕೆಟ್ಟಿತೆಂದು ನಗರದ ಎರಡು ಸಾವಿರ ಕಾವಲುಗಾರರನ್ನು ಕೊಲ್ಲಿಸಿದನೆಂದೂ, ಕೊತವಾಲನನ್ನು ಕಬ್ಬಿಣದ ಪಂಜರದಲ್ಲಿ ಇರಿಸಿ ದಿನಕ್ಕೊಂದು ಅಂಗವನ್ನು ಕಡಿಸಿದನೆಂದೂ ಬರೆದಿದ್ದಾರೆ. ಬೀಡದಲ್ಲಿ ಯೂಸುಫನನ್ನು ಕೂಡಿಕೊಂಡ ಹಸನಖಾನನು ಮೊದಲನೆಯ ಕಾಳಗದಲ್ಲಿ ಗೆದ್ದು ಎರಡನೆಯದರಲ್ಲಿ ಸೋತು ವಿಜಯನಗರದ ಕಡೆಗೆ ಓಡಿದನು. ದಾರಿಯಲ್ಲಿ ಬಿಜಾಪುರದ ಅಧಿಕಾರಿ ಸಿರಾಜಖಾನನು ನಂಬಿಸಿ ಕರೆದು ಮೋಸ ಮಾಡಿದನು. ಹಬೀಬುಲ್ಲಾ ಕಾದಾಡಿ ಮಡಿದನು. ಉಳಿದವರನ್ನು ಬೀದರಕ್ಕೆ ತಂದರು. ಹಸನಖಾನನನ್ನು ಹುಲಿಯ ಬಾಯಿಗೆ ಹಾಕಿದರು. ಯೂಸುಫನ ಮತ್ತು ಅವನ ಏಳು ಗೆಳೆಯರ ತಲೆ ಹೋಯಿತು. ಅವರ ಹೆಂಡಿರು ಮಕ್ಕಳು ಮಾತ್ರವಲ್ಲದೆ, ಈ ಗೊಡವೆಯನ್ನೇ ಅರಿಯದ ಅಡಿಗೆಯವರೂ ಪಾತ್ರೆ ತಿಕ್ಕುವವರೂ ಕೂಡ ಸತ್ತರು. ೧೪೬೧ರಲ್ಲಿ ಹುಮಾಯೂನನೂ ಸತ್ತನು.

ಒಂದು ಮಾತನ್ನು ವಕೀಲನಾಗಿ ಹೇಳಲೇಬೇಕು. ಈ ಸಂಗತಿಯನ್ನು ನಮಗೆ ಹೇಳುವ ಫಿರಿಸ್ತಾನೂ ಸಯ್ಯದ ಅಲಿ ತಬಾತಬಾನೂ ಕಣ್ಣಾರೆ ಕಂಡ ಸಾಕ್ಷಿಗಳಲ್ಲ. ನೂರು ವರುಷಗಳು ಕಳೆದ ಮೇಲೆ ಬಿಜಾಪುರದಲ್ಲಿಯೂ ಅಹಮದನಗರದಲ್ಲಿಯೂ ಕುಳಿತು ಬರೆದವರು. ಗವಾನನ ಪತ್ರಗಳನ್ನು ಆಧರಿಸಿ ಇತಿಹಾಸಜ್ಞ ಹಾರೂನಖಾನ ಶೇರ್ವಾನಿಯವರು, ಹುಮಾಯೂನನನ್ನು ಇದ್ದುದಕ್ಕಿಂತ ಕರಿದಾಗಿ ಚಿತ್ರಿಸಿದ್ದಾರೆಂದು ವಾದಿಸಿರುವರು. ಆದ್ದರಿಂದ ಸತ್ತವರ ಲೆಕ್ಕದಲ್ಲಿ ಕಾಲುಭಾಗ, ಬೇಕಾದರೆ ಅರ್ಧಭಾಗ ಕಡಿಮೆ ಮಾಡಿರಿ. ಬಾಗಿಲು ತೆರೆದದ್ದೂ, ಇಬ್ಬರು ಪಾರಾದದ್ದೂ, ಅದರ ಬೆಲೆಯನ್ನು ತೆತ್ತದ್ದೂ ಅಷ್ಟರಿಂದ ಸುಳ್ಳಾಗುವದಿಲ್ಲ.

ಇನ್ನು ನಾನು ಕೇಳುವ ಪ್ರಶ್ನೆ: ಯೂಸುಫನು ಸ್ವಾಮಿದ್ರೋಹಿಯೇ? ಉಂಡ ಮನೆಯ ಜಂತಿ ಎಣಿಸಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಉಪ್ಪು ತಿಂದವನು ನಿಷ್ಠನಾಗಿರಬೇಕೆಂಬುದು ಅವನ ಜನದಲ್ಲಿಯೂ ಇದ್ದ ನೀತಿ. ಅವನು ಖೊಟ್ಟಿ ದಸ್ತೈವಜನ್ನು ಮಾಡಿದನು. ಕಾವಲಿನವನ ರಕ್ತವನ್ನು ಚೆಲ್ಲಿದನು. ಕಾಯದೆಯ ಪುಸ್ತಕವನ್ನು ತೆರೆದರೆ ಅವನ ಮೇಲೆ ಹೊರಿಸಬಹುದಾದ ಕಲಮುಗಳಿಗೆ ಕೊರತೆಯಿಲ್ಲ. ಎರಡನೆಯ ಬಾಗಿಲಿನಲ್ಲಿ ಬಿದ್ದವನು ತನ್ನ ಕರ್ತವ್ಯವನ್ನೇ ಮಾಡುತ್ತಿದ್ದನೆಂಬುದನ್ನು ನಾನು ಮರೆಯಲಾರೆನು, ತಾವೂ ಮರೆಯಬಾರದು. ಆದರೂ ನಾನು ಯೂಸುಫನ ಪರವಾಗಿ ನಿಲ್ಲುವೆನು. ಉಪ್ಪಿನ ಋಣವು ಕೆಲಸದಿಂದ ತೀರುವ ಋಣ; ಅನ್ಯಾಯಕ್ಕೆ ಕೈ ಕೊಡುವ ಕರಾರು ಅದರಲ್ಲಿಲ್ಲ. ವಿಚಾರಣೆಯಿಲ್ಲದೆ ಜನರನ್ನು ಕೊಳೆಯಿಸುವ ಸೆರೆಮನೆಯ ಕಾವಲುಗಾರನಿಗೆ ತನ್ನ ಮನಸ್ಸಾಕ್ಷಿಯ ಕಡೆಗೂ ಒಂದು ನೌಕರಿ ಇದೆ.

ಹಾಗಾದರೆ ಅವನು ಸೋತದ್ದೇಕೆ? ಬಾಗಿಲು ತೆರೆದರೂ ಹೊರಗೆ ನಾಡು ಸಿದ್ಧವಾಗಿರಲಿಲ್ಲ. ಒಬ್ಬ ಅರಸನನ್ನು ಇಳಿಸಿ ಇನ್ನೊಬ್ಬ ಅರಸನನ್ನು ಏರಿಸುವದಷ್ಟೇ ಆ ಸಾಹಸದ ಗುರಿಯಾಗಿದ್ದಿತು. ಪ್ರಜೆಗಳಿಗೆ ಅದರಲ್ಲಿ ಪಾಲಿರಲಿಲ್ಲ. ಪ್ರಜೆಗಳ ಕಡೆಯಿಂದ ಬಂದವನು ಆ ಹಜಾಮನೊಬ್ಬನೇ.

ಇದನ್ನು ಮತದ ಜಗಳವಾಗಿ ಹೇಳುವವರ ಮಾತಿಗೆ ಕಿವಿಗೊಡಬೇಡಿರಿ. ಕಟ್ಟಿದವನೂ ಮುಸಲ್ಮಾನನು, ಕಟ್ಟಿಸಿಕೊಂಡವನೂ ಮುಸಲ್ಮಾನನು, ಬಿಡಿಸಿದವನೂ ಮುಸಲ್ಮಾನನು. ನಿಜಾಮನ ರಾಜ್ಯದ ಕೊನೆಯ ದಿನಗಳಲ್ಲಿಯೂ ಹಾಗೆಯೇ. ‘ಇಮ್ರೋಜ’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಿಬುಲ್ಲಾಖಾನರು ಹೈದರಾಬಾದದಲ್ಲಿಯೇ ಕುಳಿತು ರಜಾಕಾರರ ವಿರುದ್ಧ ಬರೆದರು. ೧೯೪೮ರ ಆಗಸ್ಟಿನಲ್ಲಿ ಅವರನ್ನು ಬೀದಿಯಲ್ಲಿ ಕೊಂದರು. ಅವರೂ ಒಳಗಿನಿಂದ ಬಾಗಿಲು ತೆಗೆದವರೇ. ಒಂದು ತಿಂಗಳು ತುಂಬುವದರೊಳಗೆ, ಸಪ್ಟೆಂಬರ ೧೭ರಂದು, ಆ ಆಳಿಕೆ ಮುಗಿಯಿತು.

ಈಗ ತಮ್ಮ ಊರಿನ ಮಾತಿಗೆ ಬರುವೆನು. ನಿಜಾಮನ ಆಳಿಕೆಯಲ್ಲಿ ಉರ್ದುವೇ ದರಬಾರದ ಭಾಷೆ, ಉರ್ದುವೇ ಮೇಲಿನ ವಿದ್ಯೆಯ ಭಾಷೆ. ಕನ್ನಡವು ತನ್ನ ನೆಲದಲ್ಲಿಯೇ ಕಾವಲಿನಲ್ಲಿದ್ದಿತು. ಆಗ ಇದೇ ಭಾಲ್ಕಿಯ ಹಿರೇಮಠದಲ್ಲಿ ಚನ್ನಬಸವ ಪಟ್ಟದ್ದೇವರು ಏನು ಮಾಡಿದರೆಂಬುದು ತಮಗೆ ತಿಳಿದದ್ದೇ. ಅವರು ೧೮೯೦ರಲ್ಲಿ ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ, ೧೯೨೪ರಲ್ಲಿ ಇಲ್ಲಿಯ ಪೀಠಕ್ಕೆ ಬಂದವರು. ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಯೂಸುಫನ ಖೊಟ್ಟಿ ಹುಕುಮಿಗೂ ಈ ಫಲಕಕ್ಕೂ ಸಂಬಂಧವಿದೆಯೆಂದು ನನಗೆ ಅನಿಸುವದು. ಎರಡೂ ಕಾವಲುಗಾರನ ಕಣ್ಣಿಗೆ ಅವನು ನಂಬುವದನ್ನೇ ತೋರಿಸಿದವು. ಆದರೆ ಒಂದು ದೊಡ್ಡ ಭೇದವೂ ಇದೆ. ಯೂಸುಫನು ಬಾಗಿಲನ್ನು ಒಂದು ಸಂಜೆ ತೆರೆದನು. ಪಟ್ಟದ್ದೇವರು ಅದನ್ನು ವರುಷಾನುಗಟ್ಟಲೆ, ದಿನಕ್ಕೊಂದು ಅಕ್ಷರದಷ್ಟು ತೆರೆಯುತ್ತ ಹೋದರು. ಇಲ್ಲಿ ಯಾರ ರಕ್ತವೂ ಬೀಳಲಿಲ್ಲ. ಒಳಗಿದ್ದ ಮಕ್ಕಳು ಹೊರಗೆ ಬಂದಾಗ ನಾಡೂ ಅವರೊಡನೆ ಸಿದ್ಧವಾಗಿದ್ದಿತು. ೧೯೫೬ರ ನವೆಂಬರ ೧ರಂದು ಬೀದರ, ಭಾಲ್ಕಿ, ಔರಾದಗಳು ಕನ್ನಡ ನಾಡನ್ನು ಕೂಡಿಕೊಂಡದ್ದು ದಿಲ್ಲಿಯಲ್ಲಿ ಬರೆದ ಕಾಯದೆಯೊಂದರಿಂದಲೇ ಅಲ್ಲ. ಆ ಫಲಕದ ಹಿಂದೆ ಓದಿದ ಮಕ್ಕಳಿಂದಲೂ ಹೌದು.

ಆ ಮಠದ ಜಗುಲಿಯಲ್ಲಿ ಮಗುವನ್ನು ಕಳಿಸಿದ ತಾಯಿತಂದೆಗಳಿಗೆ ಅಂಜಿಕೆ ಇರಲಿಲ್ಲವೆಂದು ಯಾರೂ ಹೇಳಲಾರರು. ಸ್ವಾತಂತ್ರ್ಯದ ಕೆಲಸದಲ್ಲಿ ತಿರುಗಾಡಿದ ನಮಗೆ ಈ ಅಂಜಿಕೆಯ ಪರಿಚಯ ಚೆನ್ನಾಗಿ ಇದೆ. ರಾತ್ರಿ ರೊಟ್ಟಿ ಕೊಟ್ಟು, ‘ಯಪ್ಪಾ, ಬೆಳಕು ಹರಿಯೂದರಾಗ ಹೋಗಿಬಿಡ್ರಿ’ ಎಂದು ಕೈ ಮುಗಿದವರನ್ನು ಅಂಜುಬುರುಕರೆಂದು ಹೀಗಳೆಯುವ ಹುಡುಗುತನ ನಮ್ಮಲ್ಲಿಯೂ ಕೆಲವರಿಗೆ ಇದ್ದಿತು. ಹಾರ ಹಾಕಿಸಿಕೊಂಡು ಸೆರೆಗೆ ಹೋದವರನ್ನು ಜನ ನೆನೆದರು. ರೊಟ್ಟಿ ಕೊಟ್ಟವರನ್ನು ಮರೆತರು. ಆದರೆ ಅಂಜಿಕೆಯಿಲ್ಲದವನು ಬಾಗಿಲು ತೆಗೆದರೆ ಅದು ಸ್ವಭಾವ. ಅಂಜಿದವನು ತೆಗೆದರೆ ಅದು ಧರ್ಮ.

ಉಪಾಧ್ಯಾಯರೇ, ತಮ್ಮಲ್ಲಿ ನನ್ನ ಬಿನ್ನಹವು ಎರಡು ಮಾತಿನದು. ಹುಡುಗರನ್ನು ಬೀದರದ ಕೋಟೆಗೂ ಅಷ್ಟೂರಿಗೂ ಕರೆದುಕೊಂಡು ಹೋದಾಗ ಸುಲ್ತಾನರ ಹೆಸರುಗಳ ಸರಮಾಲೆಯನ್ನು ಒಪ್ಪಿಸಿದ ಮೇಲೆ ಆ ಹಜಾಮನ ಮಾತನ್ನೂ ಹೇಳಿರಿ. ಎರಡನೆಯದು, ತಂತಮ್ಮ ಊರುಗಳಲ್ಲಿ ಅಂಥ ರೊಟ್ಟಿ ಕೊಟ್ಟ, ಕದ ತೆಗೆದ, ಸುದ್ದಿ ಮುಟ್ಟಿಸಿದ ಸಾಮಾನ್ಯರ ಸಂಗತಿಯನ್ನು ಮನೆಯ ಹಿರಿಯರಿಂದ ಕೇಳಿ ಬರೆಸಿಡಿರಿ. ಐದುನೂರು ವರುಷಗಳ ಹಿಂದೆ ಒಬ್ಬನ ಹೆಸರನ್ನು ಬರೆದಿಡದೆ ನಾಡು ಸಾಲಗಾರನಾಯಿತು. ಆ ಸಾಲವು ಇನ್ನೂ ಬೆಳೆಯದಂತೆ ನೋಡಿಕೊಳ್ಳುವದು ತಮ್ಮ ಲೇಖನಿಯ ಕೈಯಲ್ಲಿದೆ.