ನಮ್ಮ ಭಾಗದ ಚುನಾವಣೆಗಳೂ ನೇಕಾರನ ಓಟೂ

(ಬನಹಟ್ಟಿಯಲ್ಲಿ ನೇಕಾರರು, ಗಿರಣಿ ಕಾಮಗಾರರು ಹಾಗೂ ಸಣ್ಣ ವ್ಯಾಪಾರಸ್ಥರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಹೋದ ಸಲ ನಾವು ಇಲ್ಲಿಯೇ ಸೇರಿದ್ದಾಗ ಮಗ್ಗದ ಕೆಲಸದ ಒಬ್ಬ ಅವ್ವ ಎದ್ದು ನಿಂತು, "ಮಾಸ್ತರ, ನಮ್ಮ ಅತ್ತಿ ಓಟ ಹಾಕ್ಯಾಳ, ನಾ ಹಾಕೇನಿ, ಈಗ ನನ್ನ ಸೊಸಿನೂ ಹಾಕತಾಳ. ಮೂರು ತಲಿ ಆತು. ಸೀರಿ ಮಜೂರಿ ಹೆಚ್ಚ ಮಾಡ್ರಿ ಅಂತ ಕೇಳಾಕ ಇನ್ನೂ ಸಾಹುಕಾರನ ಕಟ್ಟಿಗೇ ಹೋಗಬೇಕಲ್ಲ, ಯಾಕ?" ಎಂದು ಕೇಳಿದರು. ಆಗ ನಾವು ಏನೋ ಒಂದು ಉತ್ತರ ಕೊಟ್ಟೆವು. ಅದು ಅವರಿಗೂ ಒಪ್ಪಿಗೆಯಾಗಲಿಲ್ಲ, ನಮಗೂ ಆಗಲಿಲ್ಲ. ಇಂದಿನ ಮಾತು ಆ ಪ್ರಶ್ನೆಯ ಬಾಕಿ.

ರಬಕವಿ-ಬನಹಟ್ಟಿ ಎಂದು ನಾವು ಈಗ ಒಂದೇ ಉಸಿರಿನಲ್ಲಿ ಹೇಳುತ್ತೇವೆ. 1948ರ ವರೆಗೆ ಇವು ಎರಡು ಬೇರೆ ದರಬಾರುಗಳ ಊರುಗಳು. ಬನಹಟ್ಟಿ ಜಮಖಂಡಿಯ ಪಟವರ್ಧನರದು. ರಬಕವಿ, ತೇರದಾಳಗಳು ಸಾಂಗಲಿಯ ಪಟವರ್ಧನರವು. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ಬೀಳಗಿ ಮಾತ್ರ ನೇರವಾಗಿ ಇಂಗ್ರೇಜರ ವಿಜಾಪುರ ಜಿಲ್ಲೆಗೆ ಸೇರಿತ್ತು. ಒಂದೇ ಕೃಷ್ಣೆಯ ನೀರು ಕುಡಿದು, ಒಂದೇ ತರದ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ಜನ ನಾಲ್ಕು ಸರಕಾರಗಳಿಗೆ ಮುಜುರೆ ಮಾಡುತ್ತಿದ್ದರು.

1937ರಲ್ಲಿ ಮುಂಬಯಿ ವಿಧಾನಸಭೆಗೆ ಚುನಾವಣೆಯಾದಾಗ ಬೀಳಗಿಯಲ್ಲಿ ಕೆಲವರು ಓಟು ಹಾಕಿದರು. ಎಲ್ಲರೂ ಅಲ್ಲ. ಕಂದಾಯ ಕಟ್ಟುವವನಿಗೆ, ಆಸ್ತಿ ಇದ್ದವನಿಗೆ, ಇಷ್ಟು ಓದಿದ್ದೇನೆಂದು ತೋರಿಸಬಲ್ಲವನಿಗೆ ಮಾತ್ರ ಆ ಹಕ್ಕು ಇತ್ತು. ಸಂಸ್ಥಾನದ ಪ್ರಜೆಗಳಿಗೆ ಅದೂ ಇರಲಿಲ್ಲ. ಜಮಖಂಡಿಯಲ್ಲಿ ಪುರಸಭೆಯೂ ಸಂಸ್ಥಾನದ ಶಾಸನಸಭೆಯೂ ಇದ್ದವು ನಿಜ. ಸಾವಳಗಿಯಲ್ಲಿ ಹುಟ್ಟಿ ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದ ಬಸಪ್ಪ ದಾನಪ್ಪ ಜತ್ತಿಯವರು ಈ ಎರಡೂ ಮೆಟ್ಟಿಲು ಹತ್ತಿ ಸಂಸ್ಥಾನದ ಮಂತ್ರಿಯಾದರು. ಆದರೆ ಕಡೆಯ ಮಾತು ಅರಮನೆಯದೇ. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕೂಡಿದವು. ಅಲ್ಲಿಂದ ಮುಂದೆ ನಾವು ಪ್ರಜೆಗಳಲ್ಲ, ಮತದಾರರು.

1952ರ ಮೊದಲನೆಯ ಚುನಾವಣೆಯ ಪದ್ಧತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿತ್ರ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಸಮಾಜವಾದಿ ಪಕ್ಷದ್ದು ಆಲದ ಮರ. ಓದು ಬಾರದವನೂ ಚಿತ್ರ ನೋಡಿ ಚೀಟಿ ಹಾಕಬಹುದಿತ್ತು. ಇಪ್ಪತ್ತೊಂದು ತುಂಬಿದ ಕೂಲಿಯವನ ಚೀಟಿಗೂ ಇನಾಮದಾರನ ಚೀಟಿಗೂ ತೂಕ ಒಂದೇ. ಇದು ಸಣ್ಣ ಮಾತಲ್ಲ. ಇಂದಿನ ನಮ್ಮ ಸಿಟ್ಟಿನಲ್ಲಿ ಇದನ್ನು ಮರೆಯುವದು ಸರಿಯಲ್ಲ.

ಆ ಸಲ ಲೋಕಸಭೆಗೆ ನಮ್ಮ ಭಾಗಕ್ಕೆ ವಿಜಾಪುರ ದಕ್ಷಿಣ ಎಂದು ಹೆಸರು. ರಾಮಪ್ಪ ಬಾಳಪ್ಪ ಬಿದರಿಯವರು 1952ರಲ್ಲಿಯೂ 1957ರಲ್ಲಿಯೂ ಆರಿಸಿ ಬಂದರು. 1962ರಿಂದ ಕ್ಷೇತ್ರಕ್ಕೆ ಬಾಗಲಕೋಟೆಯ ಹೆಸರು. ಅಂದಿನಿಂದ ನಾಲ್ಕು ಸಲ, 1977ರ ಜನತಾ ಗಾಳಿಯಲ್ಲಿಯೂ, ಸಂಗನಗೌಡ ಪಾಟೀಲರೇ ಗೆದ್ದರು. ಗಾಳಿ ಉತ್ತರದಲ್ಲಿ ಬೀಸಿತು, ನಮ್ಮಲ್ಲಿ ಎಲೆ ಅಲುಗಲಿಲ್ಲ.

ವಿಧಾನಸಭೆಯ ಕಡೆ ಜತ್ತಿಯವರ ಮಾತು ಬೇರೆ. 1952ರಲ್ಲಿ ಗೆದ್ದು ಮುಂಬಯಿಯಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾದರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1958ರಿಂದ 1962ರ ವರೆಗೆ ಜಮಖಂಡಿಯ ವಕೀಲರು ಆ ರಾಜ್ಯದ ಮುಖ್ಯಮಂತ್ರಿ. ಮುಂದೆ ಉಪರಾಷ್ಟ್ರಪತಿ; 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಅವರು ನಮ್ಮ ಪಕ್ಷದವರಲ್ಲ, ಆದರೂ ಸಲ್ಲಬೇಕಾದದ್ದು ಸಲ್ಲಬೇಕು. ಭೂಸುಧಾರಣೆಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು, ಅದರ ಬೆನ್ನಿಗೆ 1961ರ ಕಾಯದೆ ಬಂತು. ಆ ಕಾಯದೆಗೆ ಹಲ್ಲು ಬಂದದ್ದು 1974ರ ತಿದ್ದುಪಡಿಯಿಂದ. ಇಷ್ಟಕ್ಕೂ ಮೊದಲು, 1951ರಲ್ಲಿ, ಸಾಗರದ ಕಾಗೋಡಿನಲ್ಲಿ ಗೇಣಿದಾರರು ಜೈಲಿಗೆ ಹೋದರು, ಲೋಹಿಯಾ ಅವರೂ ಅಲ್ಲಿ ಬಂಧನವಾದರು. ಗದ್ದಲ ಹೊರಗೆ ಆಗದೆ ಕಾಯದೆ ಒಳಗೆ ಆಗಲಿಲ್ಲ.

ಈಗ ಆ ಅವ್ವನ ಪ್ರಶ್ನೆಗೆ ಬರೋಣ. ಉಳುವವನಿಗೆ ಭೂಮಿ ಎಂಬ ಕಾಯದೆಯಾಯಿತು. ನೇಯುವವನಿಗೆ ಏನು? ನೇಕಾರನಿಗೆ ಭೂಮಿ ಇಲ್ಲ. ನೂಲು ಸಾಹುಕಾರನದು, ನೇಯ್ದ ಸೀರೆ ಸಾಹುಕಾರನದು, ಬಹಳ ಮನೆಗಳಲ್ಲಿ ಮಗ್ಗದ ಮೇಲಿನ ಸಾಲವೂ ಅವನದೇ. ನಡುವಿನ ದುಡಿತ ಮಾತ್ರ ನಮ್ಮದು. ಅವನ ಹೆಂಡತಿ ಕಂಡಿಕೆ ಸುತ್ತುವದು ಯಾವ ಲೆಕ್ಕದಲ್ಲಿಯೂ ಬರುವದಿಲ್ಲ. ಮುಖ್ಯಮಂತ್ರಿ ನಮ್ಮ ಊರವನೆಂಬ ಅಭಿಮಾನ ಇತ್ತು, ಆದರೆ ಅಭಿಮಾನವನ್ನು ಕಿರಾಣಿ ಅಂಗಡಿಯವರು ಉದ್ರಿ ಖಾತೆಗೆ ಜಮಾ ಹಿಡಿಯುವದಿಲ್ಲ. ಇಲ್ಲಿ ಕುಳಿತ ಅಂಗಡಿಕಾರ ಅಣ್ಣಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು: ಮಜೂರಿ ಒಂದು ವಾರ ತಡವಾದರೆ ನಿಮ್ಮ ಖಾತೆ ಪುಸ್ತಕ ಎರಡು ಹಾಳೆ ದಪ್ಪಗಾಗುವದು.

ನಮ್ಮ ಕ್ಷೇತ್ರದ ಇನ್ನೊಂದು ಸ್ವಭಾವವಿದೆ. ದೊಡ್ಡವರಿಗೆ ತಮ್ಮ ಊರಲ್ಲಿ ಜಾಗ ಸಿಗದಿದ್ದಾಗ ನಮ್ಮ ಕಡೆ ಹಾದಿ ಹಿಡಿಯುತ್ತಾರೆ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಉಮೇದುವಾರರ ಮುಂದೆ ಸೋತರು. ಬಾಗಲಕೋಟೆಯ ಮುರನಾಳರು ತಮ್ಮ ಸ್ಥಾನ ತೆರವು ಮಾಡಿಕೊಟ್ಟರು, ಅಲ್ಲಿಂದ ಅವರು ವಿಧಾನಸಭೆಗೆ ಹೋಗಿ ಮುಖ್ಯಮಂತ್ರಿಯಾದರು. ಅವರು ಬರುವ ತನಕ ಆ ಕುರ್ಚಿ ಕಾಯ್ದವರೂ ನಮ್ಮ ಜಿಲ್ಲೆಯ ಎಸ್. ಆರ್. ಕಂಠಿಯವರೇ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾಗಾಂಧಿಯವರ ಎದುರು ಸೋತ ವೀರೇಂದ್ರ ಪಾಟೀಲರು 1980ರಲ್ಲಿ ಅವರದೇ ಪಕ್ಷದಿಂದ ಬಾಗಲಕೋಟೆಗೆ ಬಂದು ಗೆದ್ದರು. ಅತಿಥಿಯನ್ನು ಆದರಿಸುವದು ನಮ್ಮ ಧರ್ಮ. ಆದರೆ ಮನೆಯ ಕೀಲಿಯನ್ನೇ ಕೊಡುವದು ಯಾವ ಧರ್ಮ?

1991ರಲ್ಲಿ ಮಾತ್ರ ಇದು ತಿರುವಾಯಿತು. ಆ ಸಲ ಬಂದವರು ರಾಮಕೃಷ್ಣ ಹೆಗಡೆಯವರು. ಮುಖ್ಯಮಂತ್ರಿಯಾಗಿದ್ದವರು, ದೇಶವೆಲ್ಲ ಬಲ್ಲ ಹೆಸರು. ಅವರನ್ನು ಸೋಲಿಸಿದವರು ಜಮಖಂಡಿ ತಾಲೂಕಿನ ಸಿದ್ದಪ್ಪ ನ್ಯಾಮಗೌಡರು. ಕಾಂಗ್ರೆಸ್ಸಿನ ಚಿಹ್ನೆಯ ಜೊತೆಗೆ ಅವರ ಹಿಂದೆ ಇನ್ನೊಂದು ಇತ್ತು: 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ವಂತಿಗೆ ಹಾಕಿ, ತಾವೇ ಮಣ್ಣು ಕಲ್ಲು ಹೊತ್ತು ಕೃಷ್ಣೆಗೆ ಕಟ್ಟಿದ ಬ್ಯಾರೇಜು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಜನ ಅವರನ್ನೇ ಬ್ಯಾರೇಜು ಸಿದ್ದು ಎಂದು ಕರೆದರು. ಸರಕಾರ ಬರುವ ದಾರಿ ಕಾಯದೆ ನೀರು ನಿಲ್ಲಿಸಿದವರು ಓಟು ಕೇಳಲು ಬಂದರೆ ಯಾರು ಇಲ್ಲವೆನ್ನಬೇಕು? ಅವರು ಕೇಂದ್ರದಲ್ಲಿ ಮಂತ್ರಿಯಾದರು. 2018ರಲ್ಲಿ ಜಮಖಂಡಿಯಿಂದ ಮೂರು ಸಾವಿರಕ್ಕೂ ಕಡಿಮೆ ಓಟುಗಳಿಂದ ಗೆದ್ದ ಅದೇ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರಿನ ಉಪಚುನಾವಣೆಯಲ್ಲಿ ಅವರ ಮಗ ಆನಂದರು ಸುಮಾರು 39 ಸಾವಿರದಿಂದ ಗೆದ್ದರು. 2023ರಲ್ಲಿ ಅವರೇ ಸೋತರು. ಕಂಬನಿಯ ಓಟಿಗೂ ಒಂದು ಅವಧಿ ಇರುತ್ತದೆ.

ಈ ಬ್ಯಾರೇಜಿನ ಮಾತನ್ನು ನಾವು ಉದ್ದ ಮಾಡಿದ್ದಕ್ಕೆ ಕಾರಣವಿದೆ. ಒಕ್ಕಲಿಗರು ಒಂದು ಕೆಲಸದ ಸುತ್ತ ಕೂಡಿದರು. ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರಖಾನೆಗಳು ಬಂದವು, ಕಾರಖಾನೆಗಳ ಹಿಂದೆ ಕಾರಖಾನೆಯ ಒಡೆಯರೇ ಉಮೇದುವಾರರಾಗಿ ಬಂದರು. ಬೀಳಗಿಯಲ್ಲಿ ಸಕ್ಕರೆ ಉದ್ದಿಮೆದಾರ ಮುರುಗೇಶ ನಿರಾಣಿಯವರು 2004, 2008, 2018ರಲ್ಲಿಯೂ ಕಾಂಗ್ರೆಸ್ಸಿನ ಜೆ. ಟಿ. ಪಾಟೀಲರು 2013, 2023ರಲ್ಲಿಯೂ ಗೆದ್ದರು. ಆದರೂ ಕಬ್ಬಿನ ರೈತ ಒಡೆಯನ ಮುಂದೆ ಬಾಯಿ ಬಿಡಬಲ್ಲ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ರಸ್ತೆಗೆ ಕುಳಿತರು. ಸರಕಾರ 3,300ಕ್ಕೆ ಬಂತು. ಮುಧೋಳ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿದ್ದದ್ದನ್ನು ನಾವು ಮೆಚ್ಚುವದಿಲ್ಲ, ಸುಟ್ಟದ್ದು ಬಡವನ ಬೆವರೇ. ಆದರೆ ಬೆಲೆಯ ಮಾತು ಬೀದಿಗೆ ಬಂತು, ಮಂತ್ರಿಗಳು ಬೀದಿಯ ಕಡೆ ನೋಡಿದರು. ಸೀರೆಯ ಮಜೂರಿಯ ಮಾತು ಓಣಿ ದಾಟಿದ್ದು ಎಂದು?

ನಮ್ಮಲ್ಲಿ ತೊಡಕು ಹೆಚ್ಚು, ಅದನ್ನೂ ಹೇಳಬೇಕು. ಕೈಮಗ್ಗಕ್ಕೆ ಮೀಸಲಿನ ಕಾಯದೆ 1985ರಲ್ಲಿ ಬಂತು. ಮೀಸಲು ಬಟ್ಟೆಗಳ ಯಾದಿ 22ರಿಂದ 11ಕ್ಕೆ ಇಳಿಯಿತು. ಎಷ್ಟು ಜನರಿಗೆ ಇದು ಗೊತ್ತು? ಗೊತ್ತಿದ್ದರೂ ಬನಹಟ್ಟಿಯಲ್ಲಿ ಒಂದೇ ಮಾತಿನಿಂದ ಕೂಗಲಾರೆವು. ಏಕೆಂದರೆ ಕೈಮಗ್ಗದವನಿಗೆ ರಕ್ಷಣೆ ಎಂದರೆ ವಿದ್ಯುತ್ ಮಗ್ಗದವನಿಗೆ ಪೆಟ್ಟು, ಇಬ್ಬರೂ ಒಂದೇ ಓಣಿಯಲ್ಲಿ, ಕೆಲವೆಡೆ ಒಂದೇ ಮನೆಯಲ್ಲಿ ಇದ್ದಾರೆ. ಇದರ ಮೇಲೆ ಹಟಗಾರ, ದೇವಾಂಗ, ಕುರುಹಿನಶೆಟ್ಟಿ, ಸ್ವಕುಳಸಾಳಿ ಎಂಬ ಮಠ-ಮಂಡಳಗಳ ಲೆಕ್ಕ. ಮುಸಲ್ಮಾನ ನೇಕಾರರದು ಬೇರೆ ಲೆಕ್ಕ. ಮಗ್ಗದ ಸದ್ದು ಎಲ್ಲರದೂ ಒಂದೇ, ಓಟಿನ ದಿನ ಮಾತ್ರ ಕಿವಿ ಬೇರೆ.

2008ರಲ್ಲಿ ಕ್ಷೇತ್ರಗಳನ್ನು ಹೊಸದಾಗಿ ಕತ್ತರಿಸಿದರು. ಗುಳೇದಗುಡ್ಡದ ನೇಕಾರರು ತಮ್ಮ ಊರ ಹೆಸರಿನ ಕ್ಷೇತ್ರವನ್ನೇ ಕಳೆದುಕೊಂಡರು. ನಮಗೆ ತೇರದಾಳ ಎಂಬ ಹೊಸ ಕ್ಷೇತ್ರ ಸಿಕ್ಕಿತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಎಲ್ಲ ನೇಕಾರಿಕೆಯ ಊರುಗಳು ಒಂದೇ ಪೆಟ್ಟಿಗೆಗೆ ಬಂದವು. ಹಳೆಯ ಮೂರು ಸಂಸ್ಥಾನಗಳ ನೇಕಾರರು ಒಂದಾಗಿ ಒಬ್ಬ ಶಾಸಕನನ್ನು ಕಳಿಸುವ ಅವಕಾಶ ಅಂದೇ ಮೊದಲು. 2008ರಲ್ಲಿ ಸಿದ್ದು ಸವದಿಯವರು, 2013ರಲ್ಲಿ ನಟಿ ಉಮಾಶ್ರೀಯವರು, 2018 ಮತ್ತು 2023ರಲ್ಲಿ ಪುನಃ ಸವದಿಯವರು ಗೆದ್ದರು. ಮುಧೋಳ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ 2004ರಿಂದ ನಾಲ್ಕು ಸಲ ಗೋವಿಂದ ಕಾರಜೋಳರು, 2023ರಲ್ಲಿ ಆರ್. ಬಿ. ತಿಮ್ಮಾಪುರರು. ಲೋಕಸಭೆಗೆ 2004ರಿಂದ 2024ರ ವರೆಗೆ ಐದು ಸಲವೂ ಗದ್ದಿಗೌಡರರು. 2019ರಲ್ಲಿ 1 ಲಕ್ಷ 68 ಸಾವಿರ ಇದ್ದ ಅಂತರ 2024ರಲ್ಲಿ 68 ಸಾವಿರಕ್ಕೆ ಇಳಿದದ್ದನ್ನು ಬೇಕಾದವರು ಗಮನಿಸಲಿ.

ಇನ್ನು ನಮ್ಮ ತಪ್ಪು. ಹಿಂದೆ ಒಂದು ಚುನಾವಣೆಯಲ್ಲಿ ನಾವು ಸ್ವಂತ ಉಮೇದುವಾರನನ್ನು ನಿಲ್ಲಿಸದೆ ಒಂದು ದೊಡ್ಡ ಪಕ್ಷದವರಿಗೆ ಬೆಂಬಲ ಕೊಟ್ಟೆವು. ಹೆಸರು ಬೇಡ. ಮಗ್ಗದ ಸಾಲದ ಬಡ್ಡಿ ಬಿಡಿಸುತ್ತೇವೆ ಎಂದು ನಮ್ಮ ಮುಂದೆ ಮಾತು ಕೊಟ್ಟಿದ್ದರು; ಬರವಣಿಗೆಯಲ್ಲಿ ಕೇಳುವದು ಸಭ್ಯತೆಯಲ್ಲವೆಂದು ನಾವು ಸುಮ್ಮನಾದೆವು. ಇದೇ ಓಣಿಗಳಲ್ಲಿ ಮನೆಮನೆಗೆ ಹೋಗಿ ನಮ್ಮ ಬಾಯಿಂದಲೇ ಅವರಿಗೆ ಓಟು ಕೇಳಿದೆವು. ಮುಂದೆ ನಮ್ಮ ನಿಯೋಗ ಮೂರು ಸಲ ಹೋಯಿತು, ಮೂರು ಸಲವೂ "ಸಾಹೇಬರು ಊರಲ್ಲಿಲ್ಲ" ಎಂಬ ಉತ್ತರ. ಆ ಬಡ್ಡಿ ಇನ್ನೂ ಏರುತ್ತಿದೆ. ಮೋಸ ಮಾಡಿದವರು ಅವರು, ಸರಿ. ಮೋಸದ ಚೀಟಿ ಮನೆಗೆ ಮುಟ್ಟಿಸಿದವರು ನಾವು. ಆ ಅವ್ವನ ಕಣ್ಣಲ್ಲಿ ಕಣ್ಣಿಟ್ಟು ನಾವು ಉತ್ತರ ಕೊಡಲಾರದೆ ಹೋದದ್ದು ಇದಕ್ಕಾಗಿ.

ಆದ್ದರಿಂದ ಬರುವ ನಗರಸಭೆಯ ಚುನಾವಣೆಯಲ್ಲಿ ನೇಕಾರ ಓಣಿಗಳಲ್ಲಿ ನಮ್ಮವರನ್ನೇ ನಿಲ್ಲಿಸಬೇಕೆಂದು ನಮ್ಮ ಸಮಿತಿಯಲ್ಲಿ ಮಾತು ನಡೆದಿದೆ. ಒಪ್ಪದವರೂ ಇದ್ದಾರೆ. ಠೇವಣಿ ಹೋಗುತ್ತದೆ, ನಗೆಗೀಡಾಗುತ್ತೇವೆ ಎಂದು ಅವರ ಅಂಜಿಕೆ. ಅಂಜಿಕೆ ಸುಳ್ಳಲ್ಲ. ವಿಧಾನಸಭೆಗಂತೂ ಕಾನೂನೇ ಒಬ್ಬ ಉಮೇದುವಾರನಿಗೆ 40 ಲಕ್ಷ ಖರ್ಚು ಮಾಡಲು ಬಿಡುತ್ತದೆ; ಠೇವಣಿಯೇ 10 ಸಾವಿರ, ಬಿದ್ದ ಓಟಿನಲ್ಲಿ ಆರನೆಯ ಒಂದು ಪಾಲು ಸಿಗದಿದ್ದರೆ ಅದೂ ಮರಳಿ ಬಾರದು. ಅದಕ್ಕೇ ನಾವು ಓಣಿಯಿಂದ ಆರಂಭಿಸೋಣ ಎನ್ನುತ್ತೇವೆ. ಓಣಿಯಲ್ಲಿ ಮನೆಗಳನ್ನು ಎಣಿಸಬಹುದು, ಜೀಪು ಬೇಕಾಗುವದಿಲ್ಲ.

ಎಣಿಸಲು ಹೋದಾಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರಡು ಓಣಿಗಳ ಮತದಾರ ಯಾದಿಯನ್ನು ಮನೆಯ ಜನರೊಂದಿಗೆ ತಾಳೆ ನೋಡಿದೆವು. ಕೆಲಸಕ್ಕೆಂದು ಇಚಲಕರಂಜಿಗೆ, ಸೊಲ್ಲಾಪುರಕ್ಕೆ ಹೋದ ಹುಡುಗರ ಹೆಸರುಗಳು ಸ್ಥಳಾಂತರ ಎಂದು ತೆಗೆದುಹೋಗಿವೆ. ಸತ್ತವರ ಹೆಸರು ಕೆಲವು ಹಾಗೇ ಇವೆ. ಅದೇ ಮನೆಗೆ ಬಂದ ಸೊಸೆಯರ ಹೆಸರು ತವರಿನಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಕಾಯದೆ ಏನು ಹೇಳುತ್ತದೆಂದರೆ, ತನ್ನ ವಾಸದ ಊರನ್ನು ತಾತ್ಪೂರ್ತಿಕವಾಗಿ ಬಿಟ್ಟು ಹೋದ ಮಾತ್ರಕ್ಕೆ ಮನುಷ್ಯ ಆ ಊರಿನವನಲ್ಲವೆಂದು ಆಗುವದಿಲ್ಲ. 1950ರ ಪ್ರಜಾಪ್ರತಿನಿಧಿತ್ವ ಕಾಯದೆಯ 20ನೆಯ ಕಲಮು ಅದು. ಮನೆ ಇಲ್ಲಿ, ತಾಯಿ-ತಂದೆ ಇಲ್ಲಿ, ಹಬ್ಬಕ್ಕೆ ಬರುವದು ಇಲ್ಲಿಗೆ. ಹೆಸರು ಏಕೆ ಹೋಗಬೇಕು? ಅಲ್ಲಿಯೇ ಮನೆ ಮಾಡಿ ನೆಲೆಸಿದವರ ಮಾತು ಬೇರೆ, ಅವರು ಅಲ್ಲಿ ಹೆಸರು ಹಚ್ಚಲಿ. ಎರಡೂ ಕಡೆ ಇಡುವದು ಗುನ್ಹೆ, ಅದನ್ನು ನಾವು ಮಾಡುವದಿಲ್ಲ.

ಹೊಸ ಹೆಸರಿಗೆ 6ನೆಯ ನಮೂನೆ. ತಪ್ಪು ತಿದ್ದಲು, ವಿಳಾಸ ಬದಲಿಸಲು 8ನೆಯ ನಮೂನೆ. ಯಾರಾದರೂ ನಿಮ್ಮ ಹೆಸರು ತೆಗೆಯಿರೆಂದು ಬರೆದುಕೊಟ್ಟರೆ ಅದು 7ನೆಯದು. ಅಂಥದು ಬಂದಿದೆಯೇ ಎಂದು ಮತಗಟ್ಟೆಯ ಅಧಿಕಾರಿಯನ್ನು ಕೇಳುವ ಹಕ್ಕು ನಿಮಗಿದೆ. ಹದಿನೆಂಟು ತುಂಬಿದವರು ಹೊಸ ವರುಷದ ವರೆಗೆ ಕಾಯಬೇಕಾಗಿಲ್ಲ. ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಒಂದನೆಯ ತಾರೀಖುಗಳು ಈಗ ಲೆಕ್ಕಕ್ಕೆ ಇವೆ.

ಬರುವ ರವಿವಾರ ಮಗ್ಗ ನಿಂತಿರುವ ಹೊತ್ತಿನಲ್ಲಿ, ಮುಂಜಾನೆ ಎಂಟಕ್ಕೆ, ನಾವು ಇಬ್ಬಿಬ್ಬರಾಗಿ ಯಾದಿ ಹಿಡಿದು ಹೊರಡುತ್ತೇವೆ. ರೇಶನ್ ಕಾರ್ಡು, ಆಧಾರ ಕಾರ್ಡು ತೆಗೆದಿಟ್ಟಿರಿ; ಇಚಲಕರಂಜಿಯ ಮಕ್ಕಳಿಗೆ ಇಂದೇ ಫೋನು ಹಚ್ಚಿರಿ. ಅಂಗಡಿಕಾರ ಅಣ್ಣಂದಿರು ತಮ್ಮ ಕಟ್ಟೆಯ ಮೇಲೆ ಯಾದಿಯ ಒಂದು ಪ್ರತಿ ಇಟ್ಟುಕೊಂಡರೆ ಉಪಕಾರವಾದೀತು, ಸಂಜೆ ಎಣ್ಣೆ-ಸಕ್ಕರೆಗೆ ಬಂದವರು ತಮ್ಮ ಹೆಸರು ನೋಡಿಕೊಂಡು ಹೋಗುವರು. ಹೋದ ಸಲ ಪ್ರಶ್ನೆ ಕೇಳಿದ ಅವ್ವ ಇಂದು ಬಂದಿದ್ದಾರೆ, ಹಿಂದೆ ಕುಳಿತಿದ್ದಾರೆ. ಅವರ ಓಣಿಗೆ ಅವರೇ ನಮ್ಮ ಜೊತೆ ಬರುತ್ತೇನೆಂದಿದ್ದಾರೆ.