ಪಿಕಪ್ಪಿನ ಹಿಂದಿನ ಗಾಳಿಚೀಲ



ಆಳಿಯಾರಿನಿಂದ ವಾಲ್ಪಾರೈಗೆ ಹತ್ತುವಾಗ 40 ಹೇರ್‌ಪಿನ್ ತಿರುವುಗಳು. ನಮ್ಮ ಅಕ್ಕಿ, ತರಕಾರಿ, ಮನೆಸಾಮಾನು ಪಿಕಪ್ಪಿನಲ್ಲಿ ಬರುವುದು ಇದೇ ದಾರಿಯಲ್ಲಿ. ಹಳೆಯ ಗಾಡಿಯ ಬ್ಲೇಡ್ ಪಟ್ಟೆಗಳು ಭಾರಕ್ಕೆ ಕುಗ್ಗಿದರೆ ಹಿಂಭಾಗ ಕುಳಿತು ಮೂತಿ ಮೇಲೇಳುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ದೀಪ ಎದುರಿನ ಡ್ರೈವರನ ಕಣ್ಣಿಗೇ ಹೊಡೆಯುತ್ತದೆ. ಅದಕ್ಕಾಗಿ ಕೆಲವರು ಹಿಂದಿನ ಆಕ್ಸಲ್ ಮೇಲೆ ಎರಡು ರಬ್ಬರ್ ಗಾಳಿಚೀಲ ಕೂರಿಸುತ್ತಾರೆ.

ಇದಕ್ಕೆ ಬಸ್ಸಿನಲ್ಲಿರುವಂತೆ ತಾನೇ ಎತ್ತರ ಸರಿಮಾಡುವ ವಾಲ್ವ್ ಬೇಡ. ಡ್ರೈವರನ ಬಳಿ ಸ್ವಿಚ್ಚು, ಸಣ್ಣ ಕಂಪ್ರೆಸರ್ ಇಡುವವರೂ ಇದ್ದಾರೆ, ಆದರೆ ಕೆಡುವ ಸಾಮಾನು ಹೆಚ್ಚಾದಂತೆಯೇ. ಟೈರಿನಂಥ ವಾಲ್ವ್, ಕೈಪಂಪು, ಒಂದು ಗೇಜು ಸಾಕೆಂದು ನಾವು ಹೇಳುತ್ತೇವೆ. ಭಾರ ಹೇರಿ, ಸಮನೆಲದಲ್ಲಿ ಗಾಡಿ ಮಟ್ಟವಾಗಿ ನಿಲ್ಲುವಷ್ಟು ಗಾಳಿ ತುಂಬಿರಿ. ಚೀಲಕ್ಕೆ ಹೇಳಿದ ಮಿತಿ ಮೀರಬೇಡಿ. ಇಳಿಸಿದ ಮೇಲೆ ಗಾಳಿ ಬಿಡಿ, ಆದರೆ ಪೂರ್ತಿ ಬಿಟ್ಟರೆ ಚೀಲ ಮಡಚಿ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಟ್ಯೂಬು, ಬೇರೆ ವಾಲ್ವ್. ಎರಡನ್ನೂ ಒಂದೇ ಟ್ಯೂಬಿಗೆ ಸೇರಿಸಿದರೆ ತಿರುವಿನಲ್ಲಿ ಭಾರ ಬಿದ್ದ ಹೊರಗಿನ ಚೀಲದ ಗಾಳಿ ಒಳಗಿನದಕ್ಕೆ ಓಡುತ್ತದೆ. ಗಾಡಿ ಇನ್ನಷ್ಟು ವಾಲುತ್ತದೆ. 40 ತಿರುವಿನಲ್ಲೂ ಹೀಗೆಯೇ.

ಗಾಡಿ ಎತ್ತರ ನಿಂತಿತೆಂದು ಇನ್ನೆರಡು ಮೂಟೆ ಹೇರುವವರಿದ್ದಾರೆ. ಬ್ರೇಕು, ಆಕ್ಸಲ್, ಟೈರು ಮೊದಲಿನವೇ ಅಲ್ಲವೇ? ಮೂಟೆಗಳ ಮೇಲೆ ನಮ್ಮ ಮಕ್ಕಳನ್ನು ಕೂರಿಸುವುದಂತೂ ಬೇಡವೇ ಬೇಡ.

ವಾರಕ್ಕೊಮ್ಮೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಘಟ್ಟ ಇಳಿಯುವ ಮೊದಲೇ ಸರಿಮಾಡಿಸಿ.